ಸಹಾಯ ಬೇಕು: ಕಲಬುರಗಿ ಬಿಸಿಲಲ್ಲಿ ಸಾಲ್ಟೆಡ್ ಕ್ಯಾರಮೆಲ್ ಚಾಕಲೇಟ್
ಮುಂದಿನ ವಾರ ನಮ್ಮ ಮದುವೆ ವಾರ್ಷಿಕೋತ್ಸವ. ನನ್ನ ಹೆಂಡತಿಗೆ ಸಾಲ್ಟೆಡ್ ಕ್ಯಾರಮೆಲ್ ಚಾಕಲೇಟ್ ಅಂದ್ರೆ ಪ್ರಾಣ. ಮೇಲಿನ ಉಪ್ಪಿನ ಹರಳು ನಾಲಿಗೆಗೆ ತಾಗಿದಾಗ ಒಳಗಿನ ಕ್ಯಾರಮೆಲ್ ಇನ್ನೂ ಸಿಹಿ ಅನ್ನಿಸುತ್ತದೆ, ಅಲ್ವಾ? ರಾತ್ರಿ ಊಟ ಆದ ಮೇಲೆ ಮಾಳಿಗೆ ಮೇಲೆ ಇಬ್ಬರೇ ಕೂತು ತಿನ್ನುವ ಆಸೆ.

ಆದರೆ ಇದು ಮೇ ತಿಂಗಳು. ಚಾಕಲೇಟಿನಲ್ಲಿರುವ ಕೋಕೋ ಬೆಣ್ಣೆ 34 ಡಿಗ್ರಿ ಆಸುಪಾಸಲ್ಲೇ ಕರಗುತ್ತದೆ, ನಮ್ಮಲ್ಲಿ 40 ದಾಟುವುದು ಮಾಮೂಲಿ. ಬೆಂಗಳೂರಿಂದ ಕೊರಿಯರ್ ಮಾಡಿಸಿದರೆ ಡಬ್ಬಿ ತುಂಬ ಪಾಯಸ ಬಂದೀತು! ನನ್ನ ತಮ್ಮ ಅಲ್ಲಿಂದ ರಾತ್ರಿ ರೈಲಿಗೆ ಬರುತ್ತಾನೆ, ಐಸ್ ಪ್ಯಾಕ್ ಜೊತೆ ತರಿಸಬಹುದಾ? ಇಲ್ಲಾ ನಮ್ಮೂರಿನ ಸೂಪರ್ ಮಾರ್ಕೆಟ್, ಜಗತ್ ಏರಿಯಾಗಳ ಕಡೆ ಯಾರಾದರೂ ಕೈಯಲ್ಲೇ ಮಾಡಿ ಕೊಡುತ್ತಾರಾ? ಫ್ರಿಜ್‌ನಿಂದ ತೆಗೆದರೆ ಚಾಕಲೇಟ್ ಬೆವರಿ ಉಪ್ಪು ಕರಗುತ್ತದೆ, ಅದಕ್ಕೂ ಉಪಾಯ ಹೇಳಿ. ಸುಮ್ನೆ ನಮ್ಮೂರ ಸಿಹಿ ಮಾಲ್ಪುರಿ ಕೊಡಿಸಿ ಅನ್ನಬೇಡಿ, ಅದು ವಾರವಾರ ನಡೆದೇ ಇದೆ.