ಸಹಾಯ ಬೇಕು: ಸರಿಯುತ್ತರವೇ ಗೊತ್ತಿಲ್ಲದ ಲೆಕ್ಕಕ್ಕೆ ಯೂನಿಟ್ ಟೆಸ್ಟ್ ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಳ್ಳಂದೂರು ಕೆರೆಯಿಂದ ವರ್ತೂರಿಗೆ ಹರಿಯುವ ಮಳೆನೀರನ್ನು ಅಂದಾಜಿಸುವ ಪೈಥಾನ್ ಪ್ರೋಗ್ರಾಮೊಂದು ನಮ್ಮ ಪುಟ್ಟ ತಂಡದ ಪಾಲಿಗೆ ಬಂದಿದೆ. ಬರೆದವರು ಈಗ ತಂಡದಲ್ಲಿಲ್ಲ. ಯೂನಿಟ್ ಟೆಸ್ಟ್ (ಪ್ರೋಗ್ರಾಮಿನ ಒಂದೊಂದು ಭಾಗ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವ ಪುಟ್ಟ ಕೋಡ್) ಒಂದೂ ಇಲ್ಲ.

ಅಂಗಡಿಯ ಬಿಲ್ಲಿಗಾದರೆ ಬರಬೇಕಾದ ಮೊತ್ತ ಮೊದಲೇ ತಿಳಿದಿರುತ್ತದೆ. ಇಲ್ಲಿ ಉತ್ತರ ಗೊತ್ತಿದ್ದರೆ ಪ್ರೋಗ್ರಾಮೇ ಬೇಕಿರಲಿಲ್ಲ! ಹಾಗಾಗಿ ಗುಣಗಳನ್ನು ಪರೀಕ್ಷಿಸುತ್ತಿದ್ದೇವೆ: ಬಂದ ನೀರಿನಲ್ಲಿ ಹೋದದ್ದನ್ನು ಕಳೆದರೆ ಕೆರೆಯ ಸಂಗ್ರಹದ ಏರಿಳಿತಕ್ಕೆ ಹೊಂದಬೇಕು, ಕಾಲವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು ಲೆಕ್ಕಹಾಕುವ ನಾಲ್ಕನೇ ದರ್ಜೆಯ ರುಂಗೆ–ಕುಟ್ಟಾ ವಿಧಾನದಲ್ಲಿ ಆ ಹೆಜ್ಜೆಯನ್ನು ಅರ್ಧಕ್ಕಿಳಿಸಿದರೆ ದೋಷ ಸುಮಾರು 16 ಪಟ್ಟು ತಗ್ಗಬೇಕು. ಇಲ್ಲಿಯವರೆಗೆ ಚಿಂತೆಯಿಲ್ಲ.

ತೊಡಕಿರುವುದು ಎಷ್ಟು ವ್ಯತ್ಯಾಸವನ್ನು ಸಹಿಸಬೇಕೆಂಬಲ್ಲಿ. ಕಂಪ್ಯೂಟರಿನಲ್ಲಿ 0.1ಕ್ಕೆ 0.2 ಕೂಡಿಸಿದರೆ ಕರಾರುವಾಕ್ಕಾಗಿ 0.3 ಬರುವುದಿಲ್ಲವಲ್ಲ, ಅದಕ್ಕೆಂದೇ ಪೈಥಾನಿನ ಲೆಕ್ಕದ ಲೈಬ್ರರಿ ನಂಪೈನಲ್ಲಿರುವ, ಎರಡು ಉತ್ತರಗಳು ಸಾಕಷ್ಟು ಹತ್ತಿರವಿವೆಯೇ ಎಂದು ನೋಡುವ ಅಸರ್ಟ್ ಆಲ್‌ಕ್ಲೋಸ್ ಬಳಸುತ್ತೇವೆ. ನಾವಾಗಿ ಬದಲಿಸದಿದ್ದರೆ ಅದರ ಸಾಪೇಕ್ಷ ಮಿತಿ (ಉತ್ತರದ ಗಾತ್ರಕ್ಕೆ ತಕ್ಕಂತೆ ಸಹಿಸುವ ವ್ಯತ್ಯಾಸ) ಕೋಟಿಯಲ್ಲೊಂದು ಭಾಗ, ನಿರಪೇಕ್ಷ ಮಿತಿ (ಗಾತ್ರ ಎಷ್ಟೇ ಇದ್ದರೂ ಸಹಿಸುವ ವ್ಯತ್ಯಾಸ) ಸೊನ್ನೆ. ಮಳೆಯಿಲ್ಲದ ತಿಂಗಳುಗಳಲ್ಲಿ ಹರಿವು ಸೊನ್ನೆಯಾದಾಗ ಕೂದಲೆಳೆಯ ವ್ಯತ್ಯಾಸಕ್ಕೂ ಟೆಸ್ಟ್ ಸೋಲುತ್ತದೆ. ಥ್ರೆಡ್‌ಗಳ (ಒಟ್ಟೊಟ್ಟಿಗೆ ನಡೆಯುವ ಲೆಕ್ಕದ ಎಳೆಗಳ) ಸಂಖ್ಯೆ ಬದಲಿಸಿದರಂತೂ ಕೂಡುವ ಕ್ರಮ ಬದಲಾಗಿ ಕೊನೆಯ ಅಂಕಿಗಳೇ ಬೇರೆ.

ನಿರಪೇಕ್ಷ ಮಿತಿಯನ್ನು ನೀವು ಯಾವ ಆಧಾರದ ಮೇಲೆ ನಿಗದಿಪಡಿಸುತ್ತೀರಿ? ಮಾಪಕದ ನಿಖರತೆಯನ್ನು ನೋಡಿಯೇ? ಹಳೆಯ ಫಲಿತಾಂಶವನ್ನು ಉಳಿಸಿಕೊಂಡು ಹೋಲಿಸುವುದು ಸರಿಯೇ? ಹಳೆಯ ತಪ್ಪೂ ಅದರಲ್ಲಿ ಭದ್ರವಾಗಿಬಿಡುತ್ತದೆಂಬ ಅನುಮಾನ ನನಗೆ. ಅನುಭವವಿರುವವರು ದಯವಿಟ್ಟು ತಿಳಿಸಿ.