ಗಿನಿ 25.5 ನಿಜವೋ, 62 ನಿಜವೋ?

ಪ್ರಶ್ನೆ: ಸರ್, ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ವಿಶ್ವಬ್ಯಾಂಕ್ ಪ್ರಕಾರ 2022–23ರಲ್ಲಿ ಭಾರತದ ಗಿನಿ ಸೂಚ್ಯಂಕ (ಅಸಮಾನತೆಯ ಅಳತೆ: ಎಲ್ಲರಿಗೂ ಸಮನಾಗಿದ್ದರೆ 0, ಎಲ್ಲವೂ ಒಬ್ಬರದೇ ಆದರೆ 100) 25.5. ಇದನ್ನೇ ಹಿಡಿದು, ಸಮಾನತೆಯಲ್ಲಿ ನಾವು ಜಗತ್ತಿಗೆ ನಾಲ್ಕನೆಯವರು ಎಂದು ಸರ್ಕಾರ 2025ರಲ್ಲಿ ಹೇಳಿಕೊಂಡಿತು. ವಿಶ್ವ ಅಸಮಾನತಾ ದತ್ತಾಂಶದಲ್ಲಿ ನೋಡಿದರೆ 2023ರ ಗಿನಿ 62. ಮಕ್ಕಳಿಗೆ ಯಾವುದನ್ನು ಹೇಳಲಿ?

ಉತ್ತರ: ಎರಡನ್ನೂ ಹೇಳಿ ಮೇಡಂ, ಆದರೆ ಯಾವುದರ ಗಿನಿ ಎಂದು ಸೇರಿಸಿ ಹೇಳಿ. 25.5 ಖರ್ಚಿನದು, 62 ಆದಾಯದ್ದು. ಕಪ್ಪುಹಲಗೆಯ ಮೇಲೆ ಐದು ಮನೆಗಳ ತಿಂಗಳ ಆದಾಯ ಬರೆಯಿರಿ: 10, 20, 30, 40, 100 ಸಾವಿರ. ಗಿನಿ 0.40 ಬರುತ್ತದೆ, ಅಂದರೆ 100ರ ಅಳತೆಯಲ್ಲಿ 40. ಅದೇ ಮನೆಗಳ ಖರ್ಚು 10, 18, 22, 25, 45 ಸಾವಿರ ಎಂದಿಟ್ಟುಕೊಂಡರೆ ಗಿನಿ ಸುಮಾರು 0.26ಕ್ಕೆ ಇಳಿಯುತ್ತದೆ. ಬಡವನಿಗೆ ಬಂದದ್ದೆಲ್ಲ ಹೊಟ್ಟೆಬಟ್ಟೆಗೇ ಸರಿ. ಉಳ್ಳವನ ಹಣ ಬ್ಯಾಂಕಿಗೂ ಷೇರಿಗೂ ಸೈಟಿಗೂ ಹೋಗುತ್ತದೆ, ಖರ್ಚಿನ ಲೆಕ್ಕಕ್ಕೆ ಸಿಗುವುದಿಲ್ಲ. ಅನೇಕ ದೇಶಗಳ ಗಿನಿ ಆದಾಯದಿಂದ ತೆಗೆದದ್ದು. ನಮ್ಮ ಖರ್ಚಿನ ಗಿನಿಯನ್ನು ಅವುಗಳ ಸಾಲಿನಲ್ಲಿ ನಿಲ್ಲಿಸಿ ನಾಲ್ಕನೆಯ ಸ್ಥಾನ ಎನ್ನುವುದು ನನ್ನ ದೃಷ್ಟಿಯಲ್ಲಿ ಲೆಕ್ಕವೇ ಅಲ್ಲ.

ಇನ್ನು ಮಾದರಿಯ ವಿಷಯ, ಅಂದರೆ ಸಮೀಕ್ಷೆಗೆ ಯಾವ ಮನೆಗಳು ಸಿಗುತ್ತವೆ ಎಂಬುದು. ಗಣತಿದಾರ ಹೋದಾಗ ಐದನೆಯ ಮನೆಯವರು ಬಾಗಿಲು ತೆರೆಯಲಿಲ್ಲ ಎನ್ನಿ. ಉಳಿದ ನಾಲ್ಕು ಮನೆಗಳ ಆದಾಯದ ಗಿನಿ 0.40ರಿಂದ 0.25ಕ್ಕೆ ಬೀಳುತ್ತದೆ. ಊರು ಮೊದಲಿನಂತೆಯೇ ಇದೆ, ಬದಲಾದದ್ದು ಪಟ್ಟಿ ಮಾತ್ರ.

ಇನ್ನೊಬ್ಬ ಸದಸ್ಯರು: ಹಾಗಾದರೆ ಇನ್ನಷ್ಟು ಮನೆಗಳಿಗೆ ಹೋದರೆ ಆಯಿತಲ್ಲ?

ಉತ್ತರ: ಸರ್ಕಾರದ 2022–23ರ ಮನೆಖರ್ಚಿನ ಸಮೀಕ್ಷೆಯಲ್ಲಿ 2,61,746 ಮನೆಗಳಿದ್ದವು, ಅದೇನೂ ಕಡಿಮೆಯಲ್ಲ. ಸಿರಿವಂತರು ವಿರಳ, ಅದು ಮೊದಲ ತೊಡಕು. ಸಾವಿರ ಮನೆಗಳಲ್ಲಿ ಒಂದೇ ಕೋಟ್ಯಧಿಪತಿಯ ಮನೆಯಿದ್ದು ನೀವು ಚೀಟಿ ಎತ್ತಿ ನೂರು ಮನೆ ಆರಿಸಿದರೆ, ಅದು ತಪ್ಪಿಹೋಗುವ ಸಂಭವ ಶೇ. 90. ಇದಕ್ಕೆ ಮದ್ದು ಸ್ತರೀಕರಣ. ಈ ಸಮೀಕ್ಷೆಯಲ್ಲಿ ನಗರದ ಮನೆಗಳನ್ನು ಕಾರು ಇದೆಯೇ, ಅದರ ಬೆಲೆ ಹತ್ತು ಲಕ್ಷ ದಾಟುತ್ತದೆಯೇ ಎಂದು ನೋಡಿ ಬೇರೆ ಬೇರೆ ಸ್ತರ ಮಾಡಿ, ಪ್ರತಿ ಸ್ತರದಿಂದಲೂ ಆರಿಸಿದರು. ಹೀಗೆ ಸಿರಿವಂತರನ್ನು ಅವರ ಪಾಲಿಗಿಂತ ಹೆಚ್ಚು ಆರಿಸಿದ್ದರೆ, ಅಂತಹ ಮನೆಯ ಗುಣಕ (ಆ ಮನೆ ಎಷ್ಟು ಮನೆಗಳ ಪರವಾಗಿ ಲೆಕ್ಕಕ್ಕೆ ಬರುತ್ತದೆ ಎಂಬ ಸಂಖ್ಯೆ) ಅಷ್ಟೇ ಚಿಕ್ಕದಾಗುತ್ತದೆ, ಸರಾಸರಿ ಕೆಡುವುದಿಲ್ಲ. ಆದರೆ ಅಪಾರ್ಟ್‌ಮೆಂಟಿನ ಗೇಟಿನಲ್ಲೇ ಗಣತಿದಾರನನ್ನು ತಡೆದರೆ ಯಾವ ಸ್ತರೀಕರಣವೂ ನಡೆಯದು. ಮನೆಗಳ ಸಂಖ್ಯೆ ಹತ್ತುಪಟ್ಟು ಮಾಡಿದರೂ ಮುಚ್ಚಿದ ಬಾಗಿಲು ಮುಚ್ಚಿಯೇ ಇರುತ್ತದೆ.

ಪ್ರಶ್ನೆ ಕೇಳಿದವರು: ಅಂದರೆ 62ನ್ನೇ ನಂಬಬೇಕೇ ಸರ್?

ಉತ್ತರ: ಕಣ್ಣುಮುಚ್ಚಿ ಬೇಡ. ವಿಶ್ವ ಅಸಮಾನತಾ ದತ್ತಾಂಶದವರು ಮೇಲ್ತುದಿಯವರ ಆದಾಯಕ್ಕೆ ತೆರಿಗೆ ಅಂಕಿಅಂಶ ಬಳಸುತ್ತಾರೆ, ಅದು ಒಳ್ಳೆಯದೇ. ಆದರೆ ನಮ್ಮಲ್ಲಿ ತೆರಿಗೆ ವಿವರ ಸಲ್ಲಿಸುವವರೇ ಕೆಲವರು. ಉಳಿದ ಬಹುಜನರ ಆದಾಯವನ್ನು ಸಮೀಕ್ಷೆಗಳಿಂದ ಅಂದಾಜು ಮಾಡಬೇಕು. ಊಹೆ ಬದಲಾದರೆ 62 ಕೂಡ ಅಲುಗಾಡುತ್ತದೆ. ಅಸಮಾನತೆ ದೊಡ್ಡದು ಎಂಬುದಕ್ಕೆ ಅದನ್ನು ಒಪ್ಪುತ್ತೇನೆ, ದಶಮಾಂಶಕ್ಕೆ ಜಗಳವಾಡುವುದಿಲ್ಲ.

ಖರ್ಚಿನ ಗಿನಿಯನ್ನು ನಮ್ಮದೇ ಹಳೆಯ ಖರ್ಚಿನ ಗಿನಿಗೆ ಹೋಲಿಸಬಹುದು: ನಗರಗಳಲ್ಲಿ 2011–12ರಲ್ಲಿ 0.363 ಇದ್ದದ್ದು 2022–23ರಲ್ಲಿ 0.314 ಆಗಿದೆ. ಅಲ್ಲಿಯೂ ಒಂದು ಎಚ್ಚರ ಬೇಕು. ಹಿಂದೆ ಒಂದೇ ಭೇಟಿಯಲ್ಲಿ ಎಲ್ಲ ಕೇಳುತ್ತಿದ್ದರು, ಈಗ ಆಹಾರ, ದಿನಬಳಕೆ, ಬಾಳಿಕೆಯ ವಸ್ತುಗಳಿಗೆ ಮೂರು ಪ್ರಶ್ನಾವಳಿ, ಮೂರು ಭೇಟಿ. ಈ ಇಳಿಕೆಯಲ್ಲಿ ಬದುಕಿನ ಬದಲಾವಣೆ ಎಷ್ಟು, ಕೇಳುವ ಕ್ರಮದ ಬದಲಾವಣೆ ಎಷ್ಟು ಎಂದು ಬಿಡಿಸುವುದನ್ನು ಮಕ್ಕಳಿಗೇ ಪ್ರಶ್ನೆಯಾಗಿ ಕೊಡಿ.