ಅಪ್‌ಡೇಟ್: ಬೋರ್ಡ್ ಇಲ್ಲದ ಆ ಮೀನೂಟದ ಹೋಟೆಲಿಗೆ ಹೋಗಿ ಬಂದೆ

ಮಂಗಳೂರಿನ ಬಂದರಿನ ಹತ್ತಿರ ಬೋರ್ಡೂ ಇಲ್ಲದ, ಗೋಡೆಗೆಲ್ಲ ಮಸಿ ಹಿಡಿದ ಹೋಟೆಲಲ್ಲಿ ಊಟ ಮಾಡಬಹುದಾ ಅಂತ ಹೋದ ವಾರ ಕೇಳಿದ್ದೆ. ಜಾಸ್ತಿ ಜನ ಬೇಡ ಅಂದಿರಿ. ನಿನ್ನೆ ಜೋರು ಮಳೆ, ಹಸಿವು ಬೇರೆ, ಒಳಗೆ ಹೋಗಿಯೇ ಬಿಟ್ಟೆ.

ಬೆಂಚು ಅಲುಗಾಡುತ್ತಿತ್ತು. ಎದುರಿನ ಕುರ್ಚಿಯಲ್ಲಿ ಒಂದು ಬೆಕ್ಕು, ಆರ್ಡರ್ ಕೊಟ್ಟು ಕಾಯುವ ಗಿರಾಕಿಯ ಹಾಗೆ ಕೂತಿತ್ತು! ಮೆನು ಇಲ್ಲ. ಅಂಜಲ್ ಮೀನಿನ ಫ್ರೈ ಕೇಳಿದೆ. "ಈಗ ಬೇಡ ಮಾರಾಯ್ರೇ, ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೊಡ್ಡ ಬೋಟು ಮೀನಿಗೆ ಕಡಲಿಗೆ ಇಳಿಯುದಿಲ್ಲ ಅಲ್ವಾ, ಇರುವುದು ಐಸಿನದ್ದು" ಅಂದರು ಹೋಟೆಲಿನ ಅಕ್ಕ. ಸಣ್ಣ ನಾಡದೋಣಿಯವರು ತಂದ ಬೂತಾಯಿ ಮೀನು ಇದೆ, ಅದನ್ನೇ ತಿನ್ನಿ ಅಂತ ಅವರೇ ತೀರ್ಮಾನ ಮಾಡಿದರು. ದುಬಾರಿ ಮೀನು ಮಾರುವುದು ಬಿಟ್ಟು ಹೀಗೆ ಹೇಳುವವರು ಎಷ್ಟು ಜನ ಸಿಗ್ತಾರೆ ಹೇಳಿ?

ಕುಚ್ಚಲಕ್ಕಿ ಅನ್ನ, ಮೇಲೆ ಬೂತಾಯಿ ಪುಳಿಮುಂಚಿ. ಕೆಂಪು ಮಸಾಲೆ ಮೀನಿಗೆ ದಪ್ಪಗೆ ಅಂಟಿಕೊಂಡಿತ್ತು, ಹುಣಸೆ ಹುಳಿ ಮೊದಲು ನಾಲಿಗೆಗೆ ತಾಗಿ ಖಾರ ಆಮೇಲೆ ಕಿವಿವರೆಗೆ ಏರಿತು. ಅಷ್ಟರಲ್ಲಿ ಬೆಕ್ಕು ನನ್ನ ತೊಡೆ ಮೇಲೆ ಕಾಲಿಟ್ಟಿತು. "ಒಂದು ತಲೆ ಹಾಕಿ ಅದಕ್ಕೆ, ಇಲ್ಲದಿದ್ದರೆ ನಿಮ್ಮನ್ನು ಏಳಲಿಕ್ಕೆ ಬಿಡುದಿಲ್ಲ" ಅಂದರು ಅಕ್ಕ. ಹಾಕಿದೆ.

ಹೊಟ್ಟೆ ಆರಾಮಾಗಿದೆ. ಭಾನುವಾರ ಅಮ್ಮನನ್ನೂ ಕರೆದುಕೊಂಡು ಹೋಗ್ತೇನೆ.